ಸಂಜೆಯ ಮಾತ್ರೆ

ನಮ್ಮ ಎಸ್ಟೇಟಿನಲ್ಲಿ ಹಾಜರಿ ಹಾಕುವುದು ಬೆಳಿಗ್ಗೆ ಏಳೂವರೆಗೆ. ಸ್ಟೋರಿನ ಮುಂದಿನ ಕಣದಲ್ಲಿ ಜನ ನಿಲ್ಲುತ್ತಾರೆ, ನಾನು ಹೆಸರು ಕೂಗುತ್ತೇನೆ, ಈ ಏಪ್ರಿಲಿನವರೆಗೆ ಬಂದವರ ಹೆಸರಿನ ಮುಂದೆ ಗುಣಾಕಾರದ ಗುರುತು ಹಾಕುತ್ತಿದ್ದೆ. ಆ ಗುರುತು ಇಡೀ ದಿನದ್ದು. ಮಧ್ಯಾಹ್ನ ಯಾರಾದರೂ ಮನೆಗೆ ಹೋದರೆ ಮೇಸ್ತ್ರಿ ಸಂಜೆ ಬಂದು ಹೇಳಬೇಕಿತ್ತು, ಆಗ ಗುರುತಿನ ಒಂದು ಗೆರೆಯನ್ನು ಅಳಿಸುತ್ತಿದ್ದೆ. ಮೇಸ್ತ್ರಿ ಏನೂ ಹೇಳದಿದ್ದರೆ ಎಲ್ಲರೂ ಸಂಜೆಯವರೆಗೆ ಇದ್ದರೆಂದೇ ಲೆಕ್ಕ. ನನಗಿಂತ ಮುಂಚಿನ ರೈಟರ್ ಹೀಗೇ ಬರೆಯುತ್ತಿದ್ದರು, ಅವರಿಗಿಂತ ಮುಂಚಿನವರೂ ಹೀಗೇ. ನಾನು ರೈಟರ್ ಆಗಿ ಇದು ಮೂರನೇ ವರ್ಷ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ನಾಯಿಯ ಪುಸ್ತಕವನ್ನೂ ನಾನು ಹೀಗೆಯೇ ಬರೆದೆ.

ಎಸ್ಟೇಟ್ ಇರುವುದು ತಿತಿಮತಿಯಿಂದ ಒಳಗೆ, ಕಾಡಿನ ಅಂಚಿನಲ್ಲಿ. ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅಪ್ಪ ಪಂಪ್ ನೋಡಿಕೊಳ್ಳುತ್ತಾರೆ. ಕೆಳಗಿನ ಕೆರೆಯಿಂದ ಕೂಲಿಯವರ ಲೈನ್‌ಮನೆಗಳ ಟ್ಯಾಂಕಿಗೆ ದಿನವೂ ನೀರು ಹತ್ತಿಸಬೇಕು, ಬೇಸಿಗೆಯಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕು. ಇಪ್ಪತ್ತೆರಡು ವರ್ಷ ಡೀಸೆಲ್ ಮೋಟರಿನ ಪಕ್ಕ ಕುಳಿತು ಅವರಿಗೆ ಕಿವಿ ಮಂದವಾಗಿದೆ. ಎದುರು ನಿಂತು ಮಾತಾಡಿದರೆ ಕೇಳುತ್ತದೆ. ಹಿಂದೆ ಕೊಂಬೆ ಮುರಿದರೆ ಕೇಳುವುದಿಲ್ಲ.

ಮನೆಯಿಂದ ಪಂಪ್‌ಹೌಸಿಗೆ ಕಾಫಿಯ ನಡುವೆ ಕಾಲುದಾರಿ, ನನ್ನ ಹೆಜ್ಜೆಯಲ್ಲಿ 1,140. ಆ ದಾರಿಯಲ್ಲಿ ಬೆಳಗಿನ ಹೊತ್ತು ಆನೆಗಳು ನಿಂತಿರುತ್ತವೆ. ಕಾಫಿ ಗಿಡದ ಮರೆಯಲ್ಲಿ ಆನೆ ನಿಂತರೆ ಹತ್ತು ಮಾರು ದೂರದಿಂದಲೂ ಕಾಣುವುದಿಲ್ಲ. ಅದಕ್ಕೇ ನಾಯಿ.

ಊರ ನಾಯಿಯೇ. ಕಂದು ಬಣ್ಣ, ಎದೆಯ ಮೇಲೆ ಬಿಳಿ ಮಚ್ಚೆ, ಬಲಗಿವಿ ಅರ್ಧ ಮಡಚಿತ್ತು. ಅಪ್ಪ ಅದನ್ನು ಮಗ ಎಂದು ಕರೆಯುತ್ತಿದ್ದರು. ಮಗಳಾದರೂ ನನ್ನನ್ನೂ ಹಾಗೇ ಕರೆಯುವುದು. ಅಂಗಳದಲ್ಲಿ ನಿಂತು "ಮಗ, ಬಾ" ಎಂದರೆ ಇಬ್ಬರೂ ತಿರುಗಿ ನೋಡುತ್ತಿದ್ದೆವು. ಅದು ಅಪ್ಪನಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ಹೋಗುತ್ತಿತ್ತು. ಆನೆ ಇದ್ದರೆ ಬೊಗಳುತ್ತಿರಲಿಲ್ಲ. ನಿಂತು, ಬಾಲ ಇಳಿಸಿ, ಸುಮ್ಮನೆ ಹಿಂದೆ ಬಂದು ಅಪ್ಪನ ಕಾಲಿಗೆ ತಾಗಿಕೊಳ್ಳುತ್ತಿತ್ತು. ಅಪ್ಪ ಅಲ್ಲಿಂದಲೇ ತಿರುಗಿ ಮನೆಗೆ ಬರುತ್ತಿದ್ದರು. ಕಳೆದ ವರ್ಷ ಹೀಗೆ ಹದಿನಾಲ್ಕು ಸಲ ತಿರುಗಿ ಬಂದಿದ್ದಾರೆ, ನನ್ನ ಡೈರಿಯಲ್ಲಿದೆ. ಹದಿನಾಲ್ಕು ಸಲವೂ ಆಮೇಲೆ ಲದ್ದಿ ಸಿಕ್ಕಿದೆ.

ಹಾಜರಿಗೆ ಬಂದ ಜನ ಕೂಡ ಮೋಟರ್ ಶಬ್ದ ಕೇಳುವವರೆಗೆ ಕಣ ಬಿಡುತ್ತಿರಲಿಲ್ಲ; ಶಬ್ದ ಬಂದರೆ ದಾರಿಯಲ್ಲಿ ಆನೆ ಇಲ್ಲವೆಂದು ಲೆಕ್ಕ. ಲೈನಿನ ಅಜ್ಜಿಯೊಬ್ಬರಿದ್ದಾರೆ, ಕಾಫಿ ಹಣ್ಣು ಕೀಳುವ ಪಿಕಿಂಗಿನಲ್ಲಿ ಅವರ ಚೀಲವೇ ಯಾವಾಗಲೂ ಮೊದಲು ತುಂಬುವುದು. ಶಬ್ದ ಬಂದ ಕೂಡಲೇ ಸೊಂಟದ ಬಟ್ಟೆ ಬಿಗಿದುಕೊಂಡು ಹೇಳುತ್ತಿದ್ದರು:

"ನಡೀರಿ, ದೊಡ್ಡ ಸಾವ್ಕಾರ್ರು ರೌಂಡ್ ಮುಗಿಸಿದ್ರು. ರೈಟರಮ್ಮ, ಅದಕ್ಕೂ ಒಂದು ಹಾಜರಿ ಹಾಕು, ಪಾಪ. ಮೇಸ್ತ್ರಿಗಿಂತ ಜಾಸ್ತಿ ಕೆಲ್ಸ ಮಾಡ್ತದೆ."

ಮೇಸ್ತ್ರಿ ಮಲಯಾಳಂ ಕಡೆಯವರು, ನನ್ನನ್ನು ಮೋಳೆ, ಅಂದರೆ ಮಗಳೇ, ಎನ್ನುತ್ತಾರೆ. "ಹಾಕು ಮೋಳೆ, ಹಾಕು. ಅದಕ್ಕಾದ್ರೆ ಬಾಯಿ ಇಲ್ಲ, ಈ ಅಜ್ಜಿ ಥರ" ಎನ್ನುತ್ತಿದ್ದರು ಅವರು.

ಪಂಪ್‌ಹೌಸಿನ ಮೇಲೆ ಒಂದು ಬಾಣೆ ಇತ್ತು. ಗದ್ದೆಗೆ ಸೊಪ್ಪು, ಒಲೆಗೆ ಸೌದೆ ಎಂದು ಹಿಂದಿನವರು ಬಿಟ್ಟುಕೊಂಡಿದ್ದ ಕಾಡು. ಅದನ್ನು ಎರಡು ವರ್ಷದ ಹಿಂದೆ ಕಡಿದರು. ನಂದಿ, ಮತ್ತಿ, ಹೊನ್ನೆ, ಅತ್ತಿ. ದಿಮ್ಮಿಗಳ ಲೆಕ್ಕ ಬರೆದದ್ದು ನಾನೇ, ಬುಡಕ್ಕೆ ಕೆಂಪು ಬಣ್ಣದಲ್ಲಿ ನಂಬರ್ ಹಾಕಿಸಿದ್ದೂ ನಾನೇ: 318. ಸಿಲ್ವರ್ ಓಕ್ ಸಸಿ ನೆಟ್ಟರು, ಅರ್ಧ ಒಣಗಿತು. ಮೊದಲ ಮಳೆಗೆ ಹುಲ್ಲು ಬಂತು, ಎರಡನೇ ಮಳೆಗೆ ಲಂಟಾನ. ಹುಲ್ಲಿಗೆ ಜಿಂಕೆ ಬಂತು. ಲೈನಿನ ದನಗಳನ್ನೂ ಅಲ್ಲೇ ಬಿಡತೊಡಗಿದರು. ಆಮೇಲೆ ಆ ಹುಲ್ಲಿನಲ್ಲಿ ನಡೆದು ಬಂದ ಯಾರ ಪಂಚೆಯ ಅಂಚು ನೋಡಿದರೂ ಸಾಸಿವೆಯಂತೆ ಉಣುಗು.

ಬಾಣೆ ಬೋಳಾದ ಮೇಲೆ ಉಣುಗು ಹೆಚ್ಚಾಯಿತು ಎಂದು ಎಲ್ಲರೂ ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಆದರೆ ಮೊದಲು ಎಷ್ಟಿತ್ತು ಎಂದು ನಾನು ಬರೆದಿಟ್ಟಿಲ್ಲ. ಆಗ ಎಣಿಸಬೇಕೆಂದು ಹೊಳೆದಿರಲಿಲ್ಲ.

ಎಣಿಸಲು ಶುರು ಮಾಡಿದ್ದು ಕಳೆದ ಡಿಸೆಂಬರಿನಲ್ಲಿ. ಭಾನುವಾರ ಮಧ್ಯಾಹ್ನ ನಾಯಿಯನ್ನು ಮೆಟ್ಟಿಲ ಮೇಲೆ ಮಲಗಿಸಿ ಉಣುಗು ಕಿತ್ತು ಸೀಮೆಎಣ್ಣೆಯ ಬಾಟ್ಲಿಗೆ ಹಾಕುತ್ತಿದ್ದೆ. ರಕ್ತ ಕುಡಿಯದವು ಸಾಸಿವೆಯಷ್ಟು, ಕುಡಿದವು ಕರಿಮೆಣಸಿನಷ್ಟು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ. ಮೊದಲ ಭಾನುವಾರ 41, ಮುಂದಿನದು 38, ಅದರ ಮುಂದಿನದು 63. ಅಪ್ಪ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಒಣಗಿಸಿ ಚೀಲಕ್ಕೆ ತುಂಬು ಮಗ. ಈ ಸಲ ಮೆಣಸು ಬಳ್ಳಿಯಲ್ಲಿ ಇಷ್ಟು ಇಲ್ಲ."

ಜನವರಿ 27ರಂದು ನಾಯಿ ಅನ್ನ ಬಿಟ್ಟಿತು. 28ರಂದು ಅಪ್ಪನ ಜೊತೆ ಹೋಯಿತು, ಆದರೆ ಮುಂದೆ ಹೋಗಲಿಲ್ಲ, ಹಿಂದೆ ಬಂತು. ಆನೆ ಇದೆಯೆಂದುಕೊಂಡು ಅಪ್ಪ ಮನೆಗೆ ತಿರುಗಿದರು. ಆನೆ ಇರಲಿಲ್ಲ. 30ರಂದು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಹೋಯಿತು. 31ರಂದು ನಾನು ಅರ್ಧ ದಿನ ರಜೆ ಹಾಕಿ ಜೀಪಿನಲ್ಲಿ ಗೋಣಿಕೊಪ್ಪಲಿಗೆ ಕರೆದುಕೊಂಡು ಹೋದೆ. ಅಲ್ಲಿ ನಾಯಿ, ಬೆಕ್ಕು ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ.

ಅವರು ತುಟಿ ಎತ್ತಿ ವಸಡು ತೋರಿಸಿದರು. ಹಾಳೆಯಂತೆ ಬೆಳ್ಳಗಿತ್ತು. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿಗೆ ಸವರಿ ಒಳಗೆ ಹೋದರು. ಹೊರಗೆ ಬಂದು ಹೇಳಿದರು:

"ಉಣುಗು ಜ್ವರ. ಎರಡು ಥರದ್ದೂ ಉಂಟು ನಿಮ್ಮದಕ್ಕೆ. ಒಂದು ಕೆಂಪು ಕಣದೊಳಗೆ ಕೂತು ಅದನ್ನ ಒಡೀತದೆ, ಅದಕ್ಕೆ ಇವತ್ತು ಇಂಜೆಕ್ಷನ್, ಹದಿನಾಲ್ಕು ದಿನಕ್ಕೆ ಇನ್ನೊಂದು. ಇನ್ನೊಂದು ಥರದ್ದು ಬಿಳಿ ಕಣದಲ್ಲಿ ಅಡಗಿರ್ತದೆ. ಅದಕ್ಕೆ ಈ ಮಾತ್ರೆ. ಬೆಳಿಗ್ಗೆ ಒಂದು, ಸಂಜೆ ಒಂದು, ಊಟದ ಜೊತೆ. ಇಪ್ಪತ್ತೆಂಟು ದಿನ. ಒಂದೂ ತಪ್ಪಬಾರದು."

"ತಪ್ಪಲ್ಲ ಮೇಡಂ, ನಾನು ಬರೆದಿಡ್ತೀನಿ" ಎಂದೆ.

ಅದೇ ದಿನ ಹೊಸ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಇಪ್ಪತ್ತೆಂಟು ಸಾಲು, ಎರಡು ಕಾಲಂ, ಐವತ್ತಾರು ಮನೆ. ಮೊದಲನೆಯ ದಿನದ ಎರಡೂ ಮಾತ್ರೆಯನ್ನು ನಾನೇ ಕೊಟ್ಟೆ.

ಮರುದಿನದಿಂದ ಹಾಗಾಗಲಿಲ್ಲ. ಪಿಕಿಂಗ್ ಜೋರಿತ್ತು. ಸಂಜೆ ನಾಲ್ಕರಿಂದ ನಾನು ಹಣ್ಣು ತೂಕ ಮಾಡಿಸಿ ಬರೆಯುತ್ತಾ ನಿಲ್ಲಬೇಕು, ಮನೆ ಸೇರುವಾಗ ಏಳಾಗುತ್ತಿತ್ತು. ನಾಯಿ ಹಗಲೆಲ್ಲ ಪಂಪ್‌ಹೌಸಿನಲ್ಲಿ ಅಪ್ಪನ ಜೊತೆ, ಅದರ ಸಂಜೆಯ ಅನ್ನವೂ ಬುತ್ತಿಯಲ್ಲಿ ಅಲ್ಲಿಗೇ ಹೋಗುತ್ತಿತ್ತು. ಬೆಳಗಿನ ಮಾತ್ರೆಯನ್ನು ಅನ್ನದ ಉಂಡೆಯಲ್ಲಿಟ್ಟು ನಾನು ಕೊಡುತ್ತಿದ್ದೆ. ಸಂಜೆಯದನ್ನು ಹಳೆಯ ಹಾಜರಿ ಹಾಳೆಯ ಚೂರಿನಲ್ಲಿ ಪೊಟ್ಟಣ ಕಟ್ಟಿ ಅಪ್ಪನ ಅಂಗಿಯ ಜೇಬಿಗೆ ಹಾಕುತ್ತಿದ್ದೆ. ಹಾಕಿ ಬಂದು ಎರಡೂ ಮನೆಯಲ್ಲಿ ಗುರುತು ಮಾಡಿ ಏಳೂವರೆಯ ಹಾಜರಿಗೆ ಹೋಗುತ್ತಿದ್ದೆ. ಸಂಜೆ ಅಪ್ಪ ಏನೂ ಹೇಳುತ್ತಿರಲಿಲ್ಲ. ಏನೂ ಹೇಳದಿದ್ದರೆ ಪೂರ್ತಿ.

ಫೆಬ್ರವರಿ 7ಕ್ಕೆ ಜ್ವರ ಬಿಟ್ಟಿತು. 8ಕ್ಕೆ ಪೂರ್ತಿ ಅನ್ನ ತಿಂದಿತು. 10ಕ್ಕೆ ಮತ್ತೆ ಅಪ್ಪನ ಮುಂದೆ ಇಪ್ಪತ್ತು ಹೆಜ್ಜೆ. ಮೋಟರ್ ಶಬ್ದ ಕೇಳಿ ಅಜ್ಜಿ ಕೈ ಮುಗಿದರು: "ಸಾವ್ಕಾರ್ರು ರಜೆ ಮುಗಿಸಿ ಬಂದ್ರು."

ಆ ಅಜ್ಜಿಯದೂ ಒಂದು ನಾಯಿ ಇತ್ತು. ಆ ವಾರ ಸತ್ತಿತು. ಮೂಗಿನಿಂದ ರಕ್ತ ಬಂದಿತ್ತು, ಯಾರೋ ಕೋಲಿನಿಂದ ಹೊಡೆದಿದ್ದಾರೆಂದು ಅಜ್ಜಿ ಪಕ್ಕದ ಮನೆಯವರ ಜೊತೆ ಎರಡು ದಿನ ಜಗಳವಾಡಿದ್ದರು. ಅದು ಏಟಲ್ಲ, ಉಣುಗು ಜ್ವರದಲ್ಲಿ ಹಾಗೆ ಆಗುತ್ತದೆಯಂತೆ ಎಂದೆ.

"ಉಣುಗಿಗೆ ನಾಯಿ ಸಾಯ್ತದಾ? ನನ್ನ ಮೈಗೆ ದಿನಾ ಹತ್ತು ಹತ್ತುತ್ತೆ, ನಾನೆಂತ ಸತ್ತಿದೀನಾ?" ಎಂದರು. ಸೊಂಟದ ಬಟ್ಟೆ ಮತ್ತೆ ಬಿಗಿದುಕೊಂಡು, "ಮೊದ್ಲೇ ಹೇಳಿದ್ರೆ ಅವರತ್ರ ಜಗಳ ಆಡ್ತಿರಲಿಲ್ಲ" ಎಂದರು.

ನಾನು ಲೈನಿನ ನಾಯಿಗಳನ್ನೂ ಬರೆಯತೊಡಗಿದೆ. ಜನವರಿಯಲ್ಲಿ ಹನ್ನೊಂದು ಇದ್ದವು. ಏಪ್ರಿಲ್ ಕೊನೆಗೆ ಆರು. ಉಳಿದ ಐದರಲ್ಲಿ ಒಂದನ್ನು ಚಿರತೆ ಒಯ್ದಿತು. ನಾಲ್ಕು ಸುಮ್ಮನೆ ಮಲಗಿದವು.

ಫೆಬ್ರವರಿ 14ಕ್ಕೆ ಎರಡನೇ ಇಂಜೆಕ್ಷನ್. ಆಗಲೂ ನಾನೊಬ್ಬಳೇ ಹೋದದ್ದು, ಅಪ್ಪನಿಗೆ ಪಂಪ್ ಬಿಡುವಂತಿರಲಿಲ್ಲ. ಡಾಕ್ಟರಮ್ಮ ವಸಡು ನೋಡಿ, "ಚೆನ್ನಾಗಿ ಕಾಣ್ತದೆ ಅಂತ ಮಾತ್ರೆ ನಿಲ್ಲಿಸ್ಬೇಡಿ. ಎಲ್ಲರೂ ಮಾಡೋದು ಅದನ್ನೇ" ಎಂದರು. ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಳಗೆ ಗೆರೆ ಕೂಡ ಹಾಕಿದೆ. ಅಪ್ಪನಿಗೆ ಹೇಳಲಿಲ್ಲ. ಹೇಳಬಾರದೆಂದಲ್ಲ. ಬರೆದಾಯಿತಲ್ಲ, ಆ ಕೆಲಸ ಮುಗಿಯಿತು ಎಂಬಂತೆ ಇತ್ತು.

ಫೆಬ್ರವರಿ 27ಕ್ಕೆ ಐವತ್ತಾರು ಮನೆಯೂ ತುಂಬಿದವು. ಕೆಳಗೆ ಮುಗಿಯಿತು ಎಂದು ಬರೆದು ಸಹಿ ಹಾಕಿದೆ. ಹಾಜರಿ ಪುಸ್ತಕದಲ್ಲಿ ತಿಂಗಳ ಕೊನೆಗೆ ಹಾಗೆ ಮಾಡುವ ಅಭ್ಯಾಸ.

ಮಾರ್ಚ್ ಇಡೀ ಸ್ಪ್ರಿಂಕ್ಲರ್ ನಡೆಯಿತು. ನಾಯಿ ಒಂದು ದಿನವೂ ತಪ್ಪಿಸಲಿಲ್ಲ. ಎರಡು ಸಲ ತಿರುಗಿ ಬಂತು, ಎರಡು ಸಲವೂ ಆನೆ ಇತ್ತು.

ಏಪ್ರಿಲ್ 4ರಂದು ಪಂಪ್‌ಹೌಸಿನ ಸಿಮೆಂಟ್ ನೆಲದ ಮೇಲೆ ಮಲಗಿದ್ದಾಗ ಮೂಗಿನಿಂದ ರಕ್ತ ಬಂತು. ಸೀನಿದಾಗ ಗೋಡೆಗೆ ಹಾರಿತು. ಅಪ್ಪ ಅದನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದರು. 5ರಂದು ಗೋಣಿಕೊಪ್ಪಲಿಗೆ ಹೋದೆವು, ಈ ಸಲ ಇಬ್ಬರೂ. ಡಾಕ್ಟರಮ್ಮ ಮೊದಲು ಕೇಳಿದ್ದು, "ಮಾತ್ರೆ ಪೂರ್ತಿ ಕೊಟ್ರಾ?"

ನಾನು ನೋಟ್‌ಬುಕ್ ತೆರೆದು ಮೇಜಿನ ಮೇಲಿಟ್ಟೆ. ಅವರು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು.

"ಇಷ್ಟು ಚೆಂದ ಮಾಡಿ ಯಾರೂ ಬರೆಯೋದಿಲ್ಲ" ಎಂದರು. "ಪೂರ್ತಿ ಆಗಿದೆ ಅಂದ್ರೆ ಈ ಮಾತ್ರೆಗೆ ಅದು ಬಗ್ಗಿಲ್ಲ, ಇಲ್ಲಾ ಬೇರೆ ಎಂತದೋ ಇದೆ. ಮೈಸೂರಿಗೆ ರಕ್ತ ಕಳಿಸ್ತೇನೆ. ರಿಪೋರ್ಟ್ ಬರ್ಲಿ. ಅಲ್ಲಿವರೆಗೆ ಟಾನಿಕ್, ರಕ್ತ ನಿಲ್ಲಕ್ಕೆ ಇದು."

ಅಪ್ಪ ಬಾಗಿಲ ಹತ್ತಿರ ನಾಯಿಯನ್ನು ಹಿಡಿದುಕೊಂಡು ನಿಂತಿದ್ದರು. ಅವರಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಡಾಕ್ಟರಮ್ಮನ ಮುಖ ನನ್ನ ಕಡೆಗಿತ್ತು.

9ರಂದು ಪಂಪಿನ ಪೈಪ್ ಸೋರುತ್ತಿತ್ತು. ಅಪ್ಪ ನಾಯಿಯ ಹತ್ತಿರ ಕುಳಿತಿದ್ದರು, ಅದು ಎದ್ದು ನಿಲ್ಲುತ್ತಿರಲಿಲ್ಲ. ವಾಷರ್ ಎಲ್ಲಿದೆ ಎಂದು ಕೇಳಿ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ನಾನೇ ಹೋದೆ. ಶೆಲ್ಫಿನಲ್ಲಿ ಮೂರು ತಗಡಿನ ಡಬ್ಬಿ ಇದ್ದವು. ಒಂದರಲ್ಲಿ ನಟ್ಟು, ಬೋಲ್ಟು. ಒಂದರಲ್ಲಿ ವಾಷರ್. ಮೂರನೆಯದರಲ್ಲಿ ಕಾಗದದ ಪೊಟ್ಟಣಗಳು, ಒಂದರ ಮೇಲೊಂದು ಜೋಡಿಸಿಟ್ಟಿದ್ದವು. ಕಾಗದದ ಮೇಲೆ ನನ್ನ ಅಕ್ಷರ, ನನ್ನ ಗುಣಾಕಾರದ ಗುರುತುಗಳು. ಒಂದನ್ನು ಬಿಚ್ಚಿದೆ. ಮಾತ್ರೆ ಬಣ್ಣ ಬಿಟ್ಟಿತ್ತು.

ಎಣಿಸಿದೆ. ಹತ್ತೊಂಬತ್ತು. ಇನ್ನೊಮ್ಮೆ ಎಣಿಸಿದೆ.

"ಸಿಕ್ತಾ ಮೋಳೆ?" ಎಂದು ಮೇಸ್ತ್ರಿ ಹೊರಗಿನಿಂದ ಕೂಗಿದರು. ಸಿಕ್ಕಿತು ಎಂದೆ. ವಾಷರ್ ಹಾಕಿ, ಸೋರುವುದು ನಿಂತ ಮೇಲೆ ಡಬ್ಬಿ ತೆಗೆದುಕೊಂಡು ಮನೆಗೆ ಬಂದೆ.

ಅಪ್ಪನ ಎದುರು ಕುಳಿತು ಡಬ್ಬಿ ತೆರೆದಿಟ್ಟೆ. ಅವರು ನೋಡಿದರು. ಅಡಗಿಸಿಟ್ಟದ್ದು ಸಿಕ್ಕಿತು ಎಂಬ ಮುಖ ಅದಲ್ಲ.

"ಜ್ವರ ಬಿಟ್ಟಿತ್ತಲ್ಲ ಮಗ. ಅನ್ನ ತಿಂತಿತ್ತು. ಸಂಜೆ ಮಾತ್ರೆ ಹಾಕಿದ್ರೆ ಎಲ್ಲಾ ಕಕ್ತಿತ್ತು. ಉಷ್ಣ ಮದ್ದು ಅದು. ಬೆಳಿಗ್ಗೆದು ನೀನು ಕೊಡ್ತಿದ್ಯಲ್ಲ, ಅಷ್ಟು ಸಾಕು ಅಂತ ಮಾಡ್ದೆ."

"ನಂಗೆ ಹೇಳ್ಬಾರ್ದಿತ್ತಾ ಅಪ್ಪ?"

"ನೀನು ಕೇಳಿದ್ರೆ ಹೇಳ್ತಿದ್ದೆ. ಬಿಸಾಕಿಲ್ಲ ನೋಡು, ಎಲ್ಲಾ ಇಟ್ಟಿದೀನಿ. ಮುಂದಕ್ಕೆ ಬೇಕಾಗ್ತದೆ ಅಂತ."

ಅವರು ಹೇಳಿದ್ದು ಸರಿ. ನಾನು ಒಂದು ಸಂಜೆಯೂ ಕೇಳಿರಲಿಲ್ಲ. ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಮೊದಲ ಒಂಬತ್ತು ಸಂಜೆ ಸಿಕ್ಕಿದೆ, ಫೆಬ್ರವರಿ 9ರಿಂದ ಹತ್ತೊಂಬತ್ತು ಸಂಜೆ ಸಿಕ್ಕಿಲ್ಲ. ಐವತ್ತಾರು ಗುರುತು, ಮೂವತ್ತೇಳು ಮಾತ್ರೆ. ಅಳಬೇಕಿತ್ತೇನೋ, ಬರಲಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿ ಇದೇ ಕ್ರಮದಲ್ಲಿ ಹೇಳಿದೆ. ಅವರು ಬಯ್ಯಲಿಲ್ಲ.

"ನಾಲ್ಕು ದಿನ ಹೋಯ್ತಲ್ಲ" ಎಂದರು. "ಮೊನ್ನೆಯೇ ಗೊತ್ತಿದ್ರೆ ಮೊನ್ನೆಯೇ ಶುರು ಮಾಡ್ತಿದ್ದೆ. ಈಗ ಯಾರನ್ನಾದ್ರೂ ಕಳಿಸಿ, ಹೊಸ ಮಾತ್ರೆ ಕೊಡ್ತೇನೆ. ಆ ಹಳೇದು ಕೊಡ್ಬೇಡಿ."

"ಉಳೀತದಾ ಮೇಡಂ?"

"ಮೂಳೆಯ ಒಳಗಿನ ಮಜ್ಜೆಗೆ ಹೋಗಿದ್ರೆ ಕಷ್ಟ. ಹೋಗಿಲ್ಲ ಅಂದ್ರೆ ನೋಡುವಾ."

"ಅವಾಗ ಪೂರ್ತಿ ಕೊಟ್ಟಿದ್ರೆ?"

"ಅದನ್ನ ಹೇಳಕ್ಕಾಗಲ್ಲಮ್ಮ."

ಮೇಸ್ತ್ರಿ ಬೈಕಿನಲ್ಲಿ ಹೋಗಿ ತಂದರು. ಆ ಸಂಜೆಯಿಂದ ಹೊಸ ಪುಟ. ಪಿಕಿಂಗ್ ಮುಗಿದಿತ್ತು, ಸಂಜೆ ನನಗೆ ಕೆಲಸವಿರಲಿಲ್ಲ. ಅಪ್ಪ ಬಾಯಿ ಬಿಡಿಸುತ್ತಿದ್ದರು, ನಾನು ನಾಲಿಗೆಯ ಹಿಂದೆ ಮಾತ್ರೆ ಇಟ್ಟು ಗಂಟಲು ಸವರುತ್ತಿದ್ದೆ. ನುಂಗಿದ್ದು ಕೈಗೆ ತಿಳಿಯುತ್ತಿತ್ತು. ಅದಾದ ಮೇಲೆ ಎದ್ದು ಹೋಗಿ ಒಂದು ಗುರುತು. ಒಂದು ಸಂಜೆ, ಮಾತ್ರೆ ಕೊಟ್ಟು ಅರ್ಧ ಗಂಟೆಯ ನಂತರ ಅಪ್ಪ, "ಕಕ್ಕಿಲ್ಲ ನೋಡು" ಎಂದರು.

14ರಂದು ಮೈಸೂರಿನ ರಿಪೋರ್ಟ್ ಬಂತು. ಅದೇ ಕಾಯಿಲೆ. ಬೇರೆ ಏನೂ ಇರಲಿಲ್ಲ.

ನಾಯಿ ಮಲಗಿದ್ದ ಅಷ್ಟೂ ದಿನ ಅಪ್ಪ ಪಂಪ್‌ಹೌಸಿಗೆ ಹೋಗುವಾಗ ಸ್ಟೀಲ್ ತಟ್ಟೆ, ಸೌಟು ಹಿಡಿದು ಬಡಿದುಕೊಂಡು ಹೋಗುತ್ತಿದ್ದರು. ಹೊರಡುವ ಮೊದಲು ಅಭ್ಯಾಸದಂತೆ ಅಂಗಳದಲ್ಲಿ ನಿಂತು ಹಿಂದೆ ನೋಡುತ್ತಿದ್ದರು. ನಾಯಿ ಕಿವಿ ಎತ್ತುತ್ತಿತ್ತು. ಏಳುತ್ತಿರಲಿಲ್ಲ. 18ರಂದು ಎರಡು ಹೆಜ್ಜೆ ಇಟ್ಟು ಹೊಸಿಲಿನವರೆಗೆ ಬಂತು. ಅಪ್ಪ ತಟ್ಟೆ ಕೆಳಗಿಟ್ಟು ಅದನ್ನು ಎತ್ತಿ ಒಳಗೆ ಮಲಗಿಸಿ ಹೋದರು.

20ರಂದು ಬೆಳಿಗ್ಗೆ ಇಪ್ಪತ್ತೆರಡನೇ ಮಾತ್ರೆ ಕೊಟ್ಟೆ. ಹನ್ನೊಂದು ಗಂಟೆಗೆ ಅದು ಸತ್ತಿತು. ಅಪ್ಪ ಹತ್ತಿರ ಇದ್ದರು, ನಾನು ಸ್ಟೋರಿನಿಂದ ಬಂದಾಗ ಹನ್ನೊಂದೂ ಹತ್ತು. ಚೀಲದ ಮೇಲೆ ಮಲಗಿಸಿದ್ದರು. ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಇಳಿಯತೊಡಗಿದವು. ಅಷ್ಟು ಕಿತ್ತಿದ್ದರೂ ಎಲ್ಲೆಲ್ಲಿ ಉಳಿದಿದ್ದವೋ, ಕಿವಿಯ ಮಡಿಕೆಯಿಂದ, ಕಾಲ ಸಂದಿಯಿಂದ ಒಂದೊಂದಾಗಿ ಹೊರಗೆ ಬಂದು ಚೀಲದ ಮೇಲೆ ನಡೆದವು. ಹದಿನೇಳರವರೆಗೆ ಎಣಿಸಿದೆ. ಆಮೇಲೆ ಎಣಿಸಲಿಲ್ಲ. ನನ್ನ ಡೈರಿಯಲ್ಲಿ ಮುಗಿಯದ ಲೆಕ್ಕ ಅದೊಂದೇ.

ಬಾಣೆಯ ಅಂಚಿನಲ್ಲಿ, ಮತ್ತಿ ಮರದ ಬುಡ ಉಳಿದಿರುವ ಕಡೆ ಗುಂಡಿ ತೆಗೆದೆವು. ಬೇರು ಅಡ್ಡ ಬಂತು, ಅಪ್ಪ ಕತ್ತಿಯಿಂದ ಕಡಿದರು. ಬುಡದ ಮೇಲೆ ಕೆಂಪು ಬಣ್ಣದ ನಂಬರ್ ಇನ್ನೂ ಓದುವಂತಿತ್ತು. ಅಜ್ಜಿ ಒಂದು ಹಿಡಿ ಉಪ್ಪು ತಂದು ಗುಂಡಿಗೆ ಹಾಕಿದರು.

"ಹಾಜರಿ ಹಾಕ್ದ್ಯಾ ಇದಕ್ಕೆ ಯಾವತ್ತಾದ್ರೂ?" ಎಂದು ಕೇಳಿದರು.

"ಇಲ್ಲ ಅಜ್ಜಿ."

"ಹಾಕ್ಬೇಕಿತ್ತು."

ಮೇ ತಿಂಗಳಿಂದ ನಾನು ಹಾಜರಿ ಪುಸ್ತಕದಲ್ಲಿ ಗುಣಾಕಾರ ಹಾಕುತ್ತಿಲ್ಲ. ಬೆಳಿಗ್ಗೆ ಒಂದು ಓರೆ ಗೆರೆ, ಮಧ್ಯಾಹ್ನ ಊಟ ಮುಗಿದ ಮೇಲೆ ಕೆಲಸದ ಜಾಗಕ್ಕೆ ನಡೆದು ಹೋಗಿ, ಮುಖ ನೋಡಿ, ಇನ್ನೊಂದು ಗೆರೆ. ಮೇಸ್ತ್ರಿಗೆ ಬೇಸರವಾಗಿದೆ. "ನನ್ನ ಮೇಲೆ ಡೌಟಾ ಮೋಳೆ?" ಎಂದು ಎರಡು ಸಲ ಕೇಳಿದರು. ಇಲ್ಲ ಎಂದಿದ್ದೇನೆ. ಕಾರಣ ಹೇಳಿಲ್ಲ.

ಇನ್ನೊಂದು ನಾಯಿ ಸಾಕೋಣ ಎಂದು ನಾನು ಕೇಳಿದೆ. ಅಪ್ಪ, "ಆ ಹುಲ್ಲು ಇರೋವರೆಗೆ ಬೇಡ" ಎಂದರು. ಈಗಲೂ ತಟ್ಟೆ ಬಡಿದುಕೊಂಡೇ ಹೋಗುತ್ತಾರೆ. ಆನೆಗಳಿಗೆ ಆ ಶಬ್ದ ಅಭ್ಯಾಸವಾಗುತ್ತಿದೆ ಎಂದು ಮೇಸ್ತ್ರಿ ಹೇಳುತ್ತಾರೆ.

ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಹೊಸದಾಗಿ ಎರಡು ಕಾಲಂ ಎಳೆದಿದ್ದೇನೆ. ಹೊರಟದ್ದು, ಬಂದದ್ದು. ಅಪ್ಪ ಹೊರಟ ಕೂಡಲೇ ಮೊದಲನೆಯದನ್ನು ಬರೆಯುತ್ತೇನೆ. ಎರಡನೆಯದು ಖಾಲಿ. ಮೋಟರ್ ಶಬ್ದ ಬಂದರೂ ಬರೆಯುವುದಿಲ್ಲ. ನೀರು ಹತ್ತಿಸಿ, ತಿಂಡಿಗೆ ಮನೆಗೆ ಬರುವಾಗ ಅವರು ಈಗ ಸ್ಟೋರಿನ ದಾರಿಯಾಗಿ ಬರುತ್ತಾರೆ. ಅಲ್ಲಿ ನಾನು ಬರೆಯುತ್ತಾ ಕೂರುವ ಕಿಟಕಿಯ ಎದುರು ನಿಲ್ಲುತ್ತಾರೆ, ತಟ್ಟೆ ಕಂಕುಳಲ್ಲಿರುತ್ತದೆ. ಹೀಗೆ ಮಾಡಿ ಎಂದು ನಾನು ಹೇಳಿದ್ದಲ್ಲ.

"ಬಂದೆ ಮಗ. ಬರ್ಕೊ."

ಗಡಿಯಾರ ನೋಡಿ ಬರೆಯುತ್ತೇನೆ. ಇವತ್ತು 8.50.